ಸರ್ವರ್ ಬಿದ್ದದ್ದೋ, ನಮ್ಮ ಕೇಬಲ್ ಕಡಿದದ್ದೋ? ಗೇಮ್ ನಿಂತಾಗ ಮಾಡಬೇಕಾದ ಕೆಲಸಗಳು

ನಮ್ಮ ಕಾಸರಗೋಡಿನ ಕಡೆ ‘ಆಟ’ ಅಂದರೆ ಯಕ್ಷಗಾನ. ಹಾಗಾಗಿ ಒಂದು ಜೂನ್ ತಿಂಗಳ ರಾತ್ರಿ ಹತ್ತೂವರೆಗೆ ನಾನು "ಛೆ, ಆಟ ನಿಂತೇ ಹೋಯ್ತು" ಅಂತ ಬೊಬ್ಬೆ ಹಾಕಿದಾಗ ಅಮ್ಮ ಅಡಿಗೆ ಕೋಣೆಯಿಂದ, "ಪತ್ತನಾಜೆ ಕಳೆದ ಮೇಲೆ ಯಾರು ಆಟ ಇಟ್ಟುಕೊಂಡದ್ದು?" ಅಂತ ಕೇಳಿದಳು. (ಪತ್ತನಾಜೆ ಅಂದರೆ ಮೇ ಕೊನೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ.) ನನಗೆ ನಗು ಬರಲಿಲ್ಲ. ಸೀಸನ್ ಮುಗಿಯಲು ಒಂದೇ ದಿನ ಬಾಕಿ, ದುಡ್ಡು ಕೊಟ್ಟು ತಗೊಂಡ ಪಾಸಿನಲ್ಲಿ (ಹಂತ ದಾಟಿದ ಹಾಗೆ ಬಹುಮಾನ ಕೊಡುವಂಥದ್ದು) ಇನ್ನು ನಾಲ್ಕು ಹಂತ ದಾಟಿದರೆ ಸಾಕು, ಅಷ್ಟರಲ್ಲಿ ಸರ್ವರ್ ಮಲಗಿತು. ಯಾವ ಗೇಮ್, ಯಾವ ಕಂಪೆನಿ ಅಂತ ಹೆಸರು ಹೇಳುವುದಿಲ್ಲ. ಮೂವತ್ತು ಗಂಟೆ ಅವರು ಒಂದು ಸಾಲೂ ಬರೆಯಲಿಲ್ಲ. ಆಮೇಲೆ ಬರೆದದ್ದು ‘ಕೆಲವು ಆಟಗಾರರಿಗೆ ತೊಂದರೆಯಾಗಿರಬಹುದು’ ಅಂತ. ಸೀಸನ್ ಅಷ್ಟರಲ್ಲಿ ಮುಗಿದಿತ್ತು.

ನಾನು ಬಯ್ದೆ. ಚೆನ್ನಾಗಿಯೇ ಬಯ್ದೆ, ಕನ್ನಡ, ತುಳು, ಮಲಯಾಳ ಮೂರರಲ್ಲೂ. ಏನೂ ಸಿಗಲಿಲ್ಲ. ಪೆರ್ಲದಲ್ಲಿರುವ ಚಿಕ್ಕಮ್ಮನ ಮಗ ಅದೇ ಗೇಮ್ ಆಡುವವನು, ಅದೇ ರಾತ್ರಿ ಸಿಕ್ಕಿಬಿದ್ದವನು, ಮೂರು ಸ್ಕ್ರೀನ್‌ಶಾಟ್ ಹಾಕಿ ಆರು ಸಾಲು ಬರೆದ. ಅವನ ಹಂತಗಳು ಎಂಟು ದಿನದಲ್ಲಿ ವಾಪಸ್ ಬಂದವು. ಅವನಿಗೆ ಹದಿನೇಳು ವರ್ಷ, ನನಗೆ ಮೂವತ್ತೊಂದು. ಅವನಿಂದ ಕಲಿತದ್ದನ್ನೂ ಆಮೇಲೆ ನಾನೇ ಪೆಟ್ಟು ತಿಂದು ತಿಳಿದುಕೊಂಡದ್ದನ್ನೂ ಇಲ್ಲಿ ಸಾಲಾಗಿ ಹೇಳುತ್ತೇನೆ.

ಹೆಜ್ಜೆ 1: ಕಂಪೆನಿಗೆ ಬಯ್ಯುವ ಮೊದಲು ಮನೆಯ ಡಬ್ಬಿ ನೋಡಿ

ಫೈಬರ್ ಕನೆಕ್ಷನ್ ಇದ್ದರೆ ಗೋಡೆಯಲ್ಲಿರುವ ಬಿಳಿ ಡಬ್ಬಿಯ ದೀಪಗಳನ್ನು ನೋಡಿ. ‘ಎಲ್‌ಒಎಸ್’ ಅಂತ ಬರೆದಿರುವ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ವಿಷಯ ಮುಗಿಯಿತು, ನಿಮ್ಮ ಮನೆಗೆ ಬೆಳಕೇ ಬರುತ್ತಿಲ್ಲ, ಎಲ್ಲೋ ಕೇಬಲ್ ಕಡಿದಿದೆ. ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ನಮ್ಮಲ್ಲಿ ಇದು ಎಷ್ಟು ಸಲ ಆಯಿತು ಅಂತ ಲೆಕ್ಕ ಇಟ್ಟಿಲ್ಲ. ಒಳನಾಡಿನಲ್ಲಾದರೆ ಜೆಸಿಬಿ ಬೇಡ, ಮಳೆಗೆ ಒಂದು ಅಡಿಕೆ ಮರ ಬಿದ್ದರೂ ಸಾಕು. ಆಗ ಫೋನ್ ಮಾಡಬೇಕಾದ್ದು ಕೇಬಲಿನವರಿಗೆ, ಅಮೆರಿಕದಲ್ಲಿರುವ ಗೇಮ್ ಕಂಪೆನಿಗಲ್ಲ. ದೂರು ಕೊಟ್ಟಾಗ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. "ಆಯ್ತು, ಈಗ ಹುಡುಗನನ್ನು ಕಳಿಸ್ತೇವೆ" ಅನ್ನುವುದು ದೂರು ನಂಬರ್ ಅಲ್ಲ.

ದೀಪಗಳೆಲ್ಲ ಹಸಿರು ಇದ್ದರೆ ವೈಫೈ ಬಂದ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಗೇಮ್ ತೆರೆಯಿರಿ. ಆಮೇಲೆ ವೈಫೈಯಲ್ಲಿ ಬೇರೊಂದು ಗೇಮ್ ತೆರೆಯಿರಿ. ಎರಡು ನಿಮಿಷದ ಕೆಲಸ. ಬೇರೆ ಗೇಮ್ ಓಡುತ್ತಿದೆ, ಇದು ಮಾತ್ರ ವೈಫೈಯಲ್ಲೂ ಇಲ್ಲ ಡೇಟಾದಲ್ಲೂ ಇಲ್ಲ ಅಂದರೆ ತಪ್ಪು ಅವರ ಕಡೆ ಇರುವ ಸಾಧ್ಯತೆ ಜಾಸ್ತಿ. ಕಂಪ್ಯೂಟರ್ ಇರುವವರು ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಅಂತ ಇಂಗ್ಲಿಷಿನಲ್ಲಿ ಬರೆದು ಒಂದು ಜಾಗ ಬಿಟ್ಟು 8.8.8.8 (ಇದು ಗೂಗಲಿನ ಒಂದು ವಿಳಾಸ) ಹಾಕಿ. ಉತ್ತರ ಸಲೀಸಾಗಿ ಬರುತ್ತಿದ್ದರೆ ನಿಮ್ಮ ಇಂಟರ್ನೆಟ್ ಬದುಕಿದೆ. ನಡುನಡುವೆ ‘ಟೈಮ್ಡ್ ಔಟ್’ ಅಂತ ಬಂದರೆ ಲೈನಿನಲ್ಲೇ ಸೋರಿಕೆ ಇದೆ. ಆಗಲೂ ಕೇಬಲಿನವರೇ ಗತಿ.

ಗಡಿಯವರಿಗೆ ಇನ್ನೊಂದು ರಗಳೆ ಇದೆ, ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ತಲಪಾಡಿ, ಮಂಜೇಶ್ವರ, ಹೊಸಂಗಡಿ ಕಡೆ ಮೊಬೈಲ್ ಒಮ್ಮೆ ಕೇರಳದ ಟವರ್ ಹಿಡಿಯುತ್ತದೆ, ಒಮ್ಮೆ ಕರ್ನಾಟಕದ್ದು. ಮನೆಯ ಜಗಲಿಯಲ್ಲಿ ಕೂತರೆ ಒಂದು ರಾಜ್ಯ, ಹಿತ್ತಿಲಿಗೆ ಹೋದರೆ ಇನ್ನೊಂದು. ಟವರ್ ಬದಲಾದಾಗ ಫೋನಿನ ಐಪಿ ವಿಳಾಸವೂ (ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಾಗಬಹುದು. ಕೆಲವು ಗೇಮ್‌ಗಳಿಗೆ ಆಗ ನೀವು ಬೇರೆ ಮನುಷ್ಯನ ಹಾಗೆ ಕಾಣುತ್ತೀರಿ, ಪಂದ್ಯದ ಮಧ್ಯದಲ್ಲೇ ಹೊರಗೆ ಹಾಕುತ್ತವೆ. ಉಪ್ಪಳದ ಗೆಳೆಯನೊಬ್ಬ ಆರು ತಿಂಗಳು ಡೆವಲಪರ್‌ಗೆ ಶಾಪ ಹಾಕಿದ್ದ, ಕೊನೆಗೆ ನೋಡಿದರೆ ಇದೇ ಕಾರಣ. ಫೋನಿನ ಸೆಟ್ಟಿಂಗ್ಸಿನಲ್ಲಿ ನೆಟ್‌ವರ್ಕ್ ಆಯ್ಕೆ ‘ಆಟೋಮ್ಯಾಟಿಕ್’ ಇರುತ್ತದೆ, ಅದನ್ನು ತೆಗೆದು ಕೈಯಾರೆ ಒಂದನ್ನು ಆರಿಸಿ ನೋಡಿ. ಕೆಲವರಿಗೆ ಸರಿಯಾಗುತ್ತದೆ. ಆಗದವರು ರ್‍ಯಾಂಕ್ ಪಂದ್ಯಗಳನ್ನು (ಸೋಲು ಗೆಲುವು ನಮ್ಮ ಸ್ಥಾನಕ್ಕೆ ಲೆಕ್ಕವಾಗುವಂಥವು) ವೈಫೈಯಲ್ಲೇ ಆಡಿ.

ಪಿಂಗ್, ಅಂದರೆ ನಮ್ಮ ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು, ಅದರ ಬಗ್ಗೆಯೂ ಒಂದು ಮಾತು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕಾಸರಗೋಡಿನಿಂದ ಮುಂಬೈಗೆ ನೇರ ದೂರ ಸುಮಾರು 750 ಕಿ.ಮೀ., ಸಿಂಗಾಪುರಕ್ಕೆ ಸುಮಾರು 3,400 ಕಿ.ಮೀ. ಅಂದರೆ ಕೇಬಲ್ ದಾರ ಎಳೆದ ಹಾಗೆ ನೆಟ್ಟಗೆ ಇದ್ದರೂ ಹೋಗಿ ಬರಲು ಮುಂಬೈಗೆ 7-8 ಮಿಲಿಸೆಕೆಂಡ್, ಸಿಂಗಾಪುರಕ್ಕೆ 34 ಬೇಕೇ ಬೇಕು. ಕೇಬಲ್ ನೆಟ್ಟಗೆ ಇರುವುದಿಲ್ಲ, ನಡುವೆ ಹತ್ತಾರು ಕಡೆ ನಿಂತು ಹೋಗುತ್ತದೆ, ಹಾಗಾಗಿ ನಿಜದಲ್ಲಿ ಇದರ ಎಷ್ಟೋ ಪಟ್ಟು ಬರುತ್ತದೆ. ನನಗೆ ಮುಂಬೈ ಸರ್ವರಿಗೆ ಸಾಮಾನ್ಯವಾಗಿ 35ರಿಂದ 45 ಮಿಲಿಸೆಕೆಂಡ್. ಒಂದು ದಿನ ಇದ್ದಕ್ಕಿದ್ದ ಹಾಗೆ 100 ತೋರಿಸಿ ಅಲ್ಲೇ ಗಟ್ಟಿಯಾಗಿ ನಿಂತರೆ, ಮುಂಬೈ ಸರ್ವರಿಗೆ ಏನೋ ಆಗಿ ಗೇಮ್ ನಿಮ್ಮನ್ನು ಸದ್ದಿಲ್ಲದೆ ಸಿಂಗಾಪುರಕ್ಕೆ ದಾಟಿಸಿರಬಹುದು. ಇದೂ ಸರ್ವರ್ ತೊಂದರೆಯೇ, ಆದರೆ ಯಾರೂ ಹೇಳುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಸರ್ವರ್ ಹೆಸರು ಕಾಣುವ ಗೇಮ್ ಆದರೆ ಅಲ್ಲಿ ನೋಡಿ.

ಹೆಜ್ಜೆ 2: ನನಗೊಬ್ಬನಿಗಾ, ಎಲ್ಲರಿಗೂ ಆ?

ಗೇಮಿನ ಅಧಿಕೃತ ಸ್ಟೇಟಸ್ ಪುಟ (ಸರ್ವರ್ ಸರಿ ಇದೆಯಾ ಅಂತ ಬಣ್ಣದಲ್ಲಿ ತೋರಿಸುವುದು) ಮೊದಲು, ಆಮೇಲೆ ಅವರ ಎಕ್ಸ್ ಖಾತೆ ಅಥವಾ ಡಿಸ್ಕಾರ್ಡಿನ ಪ್ರಕಟಣೆ ಚಾನೆಲ್. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಎಪಿಕ್ ಇವರಿಗೆಲ್ಲ ಸ್ಟೇಟಸ್ ಪುಟ ಇದೆ. ಒಂದು ವಿಷಯ ನೆನಪಿರಲಿ. ಎಷ್ಟೋ ಕಡೆ ಆ ಪುಟದ ಬಣ್ಣ ಬದಲಾಯಿಸಲು ಒಬ್ಬ ಮನುಷ್ಯ ಒಪ್ಪಿಗೆ ಕೊಡಬೇಕು, ಅವನು ಮಲಗಿದ್ದರೆ ನಮ್ಮ ಕಣ್ಣೆದುರೇ ಗೇಮ್ ಸತ್ತು ಬಿದ್ದಿದ್ದರೂ ಪುಟದಲ್ಲಿ ಎಲ್ಲ ಹಸಿರೇ ಇರುತ್ತದೆ. ಹಾಗಾಗಿ ಹಸಿರು ನೋಡಿ ನಿಮ್ಮ ಮೇಲೇ ಸಂಶಯ ಪಡಬೇಡಿ. ಅರ್ಧ ಗಂಟೆ ಬಿಟ್ಟು ಪುನಃ ನೋಡಿ.

ಡೌನ್‌ಡಿಟೆಕ್ಟರ್ ಥರದ ಜಾಗಗಳು ಜನರ ದೂರುಗಳನ್ನು ಎಣಿಸುತ್ತವೆ, ಅಷ್ಟೆ. ಒಂದು ದೊಡ್ಡ ಕ್ಲೌಡ್ (ಅನೇಕ ಕಂಪೆನಿಗಳು ಬಾಡಿಗೆಗೆ ಪಡೆಯುವ ಸರ್ವರುಗಳ ಗುಂಪು) ಬಿದ್ದರೆ ಅಲ್ಲಿ ಎಲ್ಲರ ಗ್ರಾಫೂ ಒಟ್ಟಿಗೆ ಏರುತ್ತದೆ. 2025ರ ಅಕ್ಟೋಬರ್ 20 ನೆನಪಿದೆಯಾ? ನರಕ ಚತುರ್ದಶಿ, ಎಣ್ಣೆ ಸ್ನಾನ ಮುಗಿಸಿ ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಕೈ ಆಡೋಣ ಅಂತ ಕೂತವರಿಗೆ ಫೋರ್ಟ್‌ನೈಟ್ ಇಲ್ಲ, ರೋಬ್ಲಾಕ್ಸ್ ಇಲ್ಲ, ಸ್ನ್ಯಾಪ್‌ಚಾಟೂ ಇಲ್ಲ. ಆ ದಿನ ಕೆಟ್ಟದ್ದು ಅಮೆಜಾನಿನ ಕ್ಲೌಡ್, ವರ್ಜೀನಿಯಾದಲ್ಲಿರುವ ಅವರ ಕೇಂದ್ರದಲ್ಲಿ ಡೈನಮೋಡಿಬಿ ಅನ್ನುವ ಡೇಟಾಬೇಸಿನ ವಿಳಾಸವೇ ಬೇರೆ ಯಂತ್ರಗಳಿಗೆ ಸಿಗದ ಹಾಗೆ ಆಗಿತ್ತು. ಗೇಮ್ ಮಾಡಿದವರೂ ನಮ್ಮ ಹಾಗೆಯೇ ಕಾಯುತ್ತಾ ಕೂತಿದ್ದರು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಆ್ಯಪ್ ಒಟ್ಟಿಗೆ ಬಿದ್ದರೆ ಇಂಥದ್ದೇ ಏನೋ ಅಂತ ತಿಳಿದುಕೊಳ್ಳಿ. ಊಟ ಮಾಡಿ ಬನ್ನಿ.

ಹಾಗೇ ಮೊದಲೇ ಹೇಳಿದ ಮೇಂಟೆನೆನ್ಸ್ ಆಗಿರಲೂಬಹುದು, ನಾವು ಸಮಯ ತಪ್ಪು ಓದಿರುತ್ತೇವೆ. ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ: ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಅಂತ ಇದ್ದರೆ ಐದೂವರೆ ಗಂಟೆ ಕೂಡಿಸಿ. ಅಮೆರಿಕದ ಪಶ್ಚಿಮ ಕರಾವಳಿಯ ಬೇಸಗೆ ಸಮಯ ಪಿಡಿಟಿ ಆದರೆ ಹನ್ನೆರಡೂವರೆ ಗಂಟೆ, ಚಳಿಗಾಲದ ಪಿಎಸ್‌ಟಿ ಆದರೆ ಹದಿಮೂರೂವರೆ ಗಂಟೆ ಕೂಡಿಸಿ. ಜಪಾನ್, ಕೊರಿಯಾ ಸಮಯದಿಂದ ಮೂರೂವರೆ ಗಂಟೆ ಕಳೆಯಿರಿ, ಸಿಂಗಾಪುರದ್ದಾದರೆ ಎರಡೂವರೆ. ‘ಮಂಗಳವಾರ ಮಧ್ಯಾಹ್ನ’ ಅಂತ ಅಮೆರಿಕದ ಪಶ್ಚಿಮ ಕರಾವಳಿಯವರು ಬರೆದದ್ದು ನಮಗೆ ಬುಧವಾರ ಬೆಳಗಿನ ಜಾವ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಪ್ರತಿ ಮಂಗಳವಾರ ಹೀಗೆ ಸ್ವಲ್ಪ ಹೊತ್ತು ಹೋಗಿ ಬರುತ್ತದೆ. ಬೆಳಗ್ಗೆ ಹಾಲು ಕರೆಯಲು ಏಳುವವರು ಬಿಟ್ಟರೆ ನಮ್ಮಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹೆಜ್ಜೆ 3: ಕೈ ಕಟ್ಟಿ ಕೂರಬೇಕಾದ ಕಡೆ ಕೂರಿ

ಸಿಟ್ಟು ಬಂದಾಗ ನಾವು ಮಾಡುವ ನಾಲ್ಕು ಕೆಲಸಗಳಿಂದ ನಷ್ಟ ನಮಗೇ.

ಮೊದಲನೆಯದು ಅನ್‌ಇನ್‌ಸ್ಟಾಲ್. ಗೆಸ್ಟ್ ಆಗಿ ಆಡುತ್ತಿದ್ದರೆ, ಅಂದರೆ ಗೂಗಲ್ ಅಥವಾ ಬೇರೆ ಖಾತೆಗೆ ಜೋಡಿಸದೆ ಇದ್ದರೆ, ಆ್ಯಪ್ ತೆಗೆದ ಕೂಡಲೇ ಎರಡು ವರ್ಷದ ಆಟ ಹೊಳೆಗೆ ಹೋದ ಹಾಗೆ. ಸರ್ವರ್ ವಾಪಸ್ ಬರುತ್ತದೆ, ನಿಮ್ಮ ಖಾತೆ ಬರುವುದಿಲ್ಲ. ಇದನ್ನು ಓದುತ್ತಿರುವಾಗ ಸರ್ವರ್ ಸರಿ ಇದ್ದರೆ ಈಗಲೇ ಹೋಗಿ ಜೋಡಿಸಿ ಬನ್ನಿ, ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ಎರಡನೆಯದು ಲಾಗಿನ್ ಬಟನ್ನನ್ನು ಚೆಂಡೆ ಬಾರಿಸಿದ ಹಾಗೆ ಒತ್ತುವುದು. ಬಿದ್ದ ಸರ್ವರ್ ಏಳಲು ನೋಡುವಾಗ ಲಕ್ಷಗಟ್ಟಲೆ ಜನ ಒಟ್ಟಿಗೆ ಬಾಗಿಲು ಬಡಿದರೆ ಪುನಃ ಬೀಳುತ್ತದೆ. ಕ್ಯೂ ತೋರಿಸುವ ಗೇಮ್ ಆದರೆ ಹೊರಗೆ ಬಂದು ಒಳಗೆ ಹೋದರೆ ಕ್ಯೂವಿನ ಬಾಲಕ್ಕೆ ಹೋಗುತ್ತೀರಿ.

ಮೂರನೆಯದು ಸರ್ವರ್ ಕುಂಟುತ್ತಿರುವಾಗ ಕಾಯಿನ್, ಡೈಮಂಡ್ ತಗೊಳ್ಳುವುದು. ಹಣ ಯುಪಿಐಯಲ್ಲಿ ಹೋಗುತ್ತದೆ, ಅದಕ್ಕೂ ಗೇಮ್ ಸರ್ವರಿಗೂ ಸಂಬಂಧ ಇಲ್ಲ. ಕಾಯಿನ್ ಬರುವುದಿಲ್ಲ. ನಾಲ್ಕನೆಯದು ‘ಸರ್ವರ್ ಬಿದ್ದದ್ದಕ್ಕೆ ಪರಿಹಾರ, ಈ ಲಿಂಕಿನಲ್ಲಿ ಕೋಡ್ ಹಾಕಿ’ ಅಂತ ವಾಟ್ಸ್ಆ್ಯಪಿಗೆ ಬರುವುದನ್ನು ಒತ್ತುವುದು. ಗೇಮ್ ಬಿದ್ದ ದಿನವೇ ಈ ಕಳ್ಳರಿಗೆ ಸುಗ್ಗಿ. ನಿಜವಾದ ಪರಿಹಾರ ಗೇಮಿನ ಒಳಗಿನ ಅಂಚೆ ಡಬ್ಬಿಗೇ ಬರುತ್ತದೆ, ಇಲ್ಲವಾದರೆ ಗೇಮಿನ ಅಧಿಕೃತ ಪುಟದಲ್ಲಿ ಇರುತ್ತದೆ. ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ.

ಹೆಜ್ಜೆ 4: ಹಾಲಿನ ಲೆಕ್ಕ ಬರೆಯುವ ಹಾಗೆ ಬರೆದಿಡಿ

ಚಿಕ್ಕಮ್ಮನ ಮಗ ಮಾಡಿದ್ದು ಇದನ್ನೇ. ಎರರ್ ಬಂದ ಕೂಡಲೇ ಸ್ಕ್ರೀನ್‌ಶಾಟ್, ಮೇಲೆ ಗಂಟೆ ಕಾಣುವ ಹಾಗೆ. ಎರರ್ ಕೋಡ್ ಅರ್ಧ ಕಟ್ ಆಗಿರಬಾರದು. ಎರಡು ಗಂಟೆ ಬಿಟ್ಟು ಇನ್ನೊಂದು, ಬೆಳಗ್ಗೆ ಮತ್ತೊಂದು. ಇಷ್ಟಿದ್ದರೆ ಎಷ್ಟು ಹೊತ್ತು ಬಿದ್ದಿತ್ತು ಅನ್ನುವುದಕ್ಕೆ ಸಾಕ್ಷಿ ಆಯಿತು. ಇದರ ಜೊತೆ ನಿಮ್ಮ ಪ್ಲೇಯರ್ ಐಡಿ (ಹೆಸರಲ್ಲ, ಅಂಕಿ ಇರುವ ಐಡಿ), ಯಾವ ಸರ್ವರ್, ಗೇಮಿನ ವರ್ಷನ್, ಫೋನ್ ಯಾವುದು ಅಂತ ಒಂದು ಕಡೆ ಬರೆದಿಡಿ. ಲಾಗಿನ್ ಆಗದಿದ್ದಾಗ ಐಡಿ ನೋಡಲೂ ಆಗುವುದಿಲ್ಲ, ಅದಕ್ಕೇ ಗೇಮ್ ಚೆನ್ನಾಗಿರುವಾಗಲೇ ಬರೆದಿಡಬೇಕು. ನನಗೆ ಆ ರಾತ್ರಿ ನನ್ನ ಐಡಿಯೇ ಗೊತ್ತಿರಲಿಲ್ಲ.

ದುಡ್ಡು ಕೊಟ್ಟದ್ದಿದ್ದರೆ ಆರ್ಡರ್ ನಂಬರ್ ಬೇಕು. ಗೂಗಲ್ ಪ್ಲೇಯದ್ದು ‘ಜಿಪಿಎ’ ಅಂತ ಶುರುವಾಗುತ್ತದೆ, ನಿಮ್ಮ ಜಿಮೇಲಿಗೆ ಬಂದ ರಸೀದಿಯಲ್ಲಿರುತ್ತದೆ. ಯುಪಿಐ ಆದರೆ 12 ಅಂಕಿಯ ವ್ಯವಹಾರ ಸಂಖ್ಯೆ. ಸ್ಕ್ರೀನ್‌ಶಾಟ್ ಕಳಿಸುವ ಮೊದಲು ಬ್ಯಾಂಕ್ ಬ್ಯಾಲೆನ್ಸ್, ಫೋನ್ ನಂಬರ್ ಇವನ್ನೆಲ್ಲ ಅಳಿಸಿ.

ಹೆಜ್ಜೆ 5: ಅವರು ಹೇಳುವುದನ್ನೂ ಹೇಳದಿರುವುದನ್ನೂ ಓದಲು ಕಲಿಯಿರಿ

ಸರ್ವರ್ ಬೀಳುವುದು ತಪ್ಪಲ್ಲ. ಕರೆಂಟು ಹೋಗದ ಊರಿಲ್ಲ. ನನ್ನ ಜಗಳ ಇರುವುದು ಮೌನದ ಬಗ್ಗೆ. ಬಯಲಾಟಕ್ಕೆ ಮಳೆ ಬಂತು ಅಂತಿಟ್ಟುಕೊಳ್ಳಿ. ಆಡಿಸುವ ಮನೆಯವರು ಮೈಕ್ ಹಿಡಿದು, "ಅರ್ಧ ಗಂಟೆ ನೋಡುವ, ಬಿಡದಿದ್ದರೆ ಶಾಲೆಯ ಸಭಾಭವನದಲ್ಲಿ ಮುಂದುವರಿಸುವ, ಅಷ್ಟರವರೆಗೆ ಚಾ ಉಂಟು" ಅಂತ ಹೇಳುತ್ತಾರೆ. ಮಳೆ ಯಾವಾಗ ಬಿಡುತ್ತದೆ ಅಂತ ಅವರಿಗೂ ಗೊತ್ತಿಲ್ಲ. ಆದರೂ ಜನ ಕೂರುತ್ತಾರೆ. ಕೋಟಿಗಟ್ಟಲೆ ವ್ಯವಹಾರ ಮಾಡುವವರಿಗೆ ಒಂದು ಮೈಕ್ ಹಿಡಿಯಲು ಆಗುವುದಿಲ್ಲ ಅಂದರೆ ಎಂತ ಮಾರಾಯ್ರೇ?

ಆದರೂ ಮೌನಕ್ಕೆ ಕಾರಣ ತಿಳಿದರೆ ಸಿಟ್ಟು ಸ್ವಲ್ಪ ಸರಿಯಾದ ಕಡೆ ಹೋಗುತ್ತದೆ. ಪ್ರಕಟಣೆ ಬರೆಯುವವರು ಸರ್ವರ್ ರಿಪೇರಿ ಮಾಡುವವರಲ್ಲ. ಅವರು ಕಮ್ಯುನಿಟಿ ಮ್ಯಾನೇಜರ್, ಆಟಗಾರರ ಜೊತೆ ಮಾತಾಡುವ ಕೆಲಸದವರು. ಒಳಗಿಂದ ಮಾಹಿತಿ ಬಂದು, ಮೇಲಿನವರು ಒಪ್ಪಿ, ಕೆಲವು ಸಲ ವಕೀಲರೂ ಓದಿ ಆದ ಮೇಲೆ ಮಾತ್ರ ಅವರು ಬಾಯಿ ಬಿಡಬಹುದು. ಎರಡು ಗಂಟೆಯಲ್ಲಿ ಸರಿಯಾಗುತ್ತದೆ ಅಂತ ಹೇಳಿ ಆಗದಿದ್ದರೆ ಇನ್ನೂ ಜಾಸ್ತಿ ಬೈಗುಳ, ಅದಕ್ಕೇ ಸಮಯ ಹೇಳುವುದಿಲ್ಲ. ಅವರಿಗೆ ಬಯ್ಯುವುದು ಬಸ್ಸು ಕೆಟ್ಟದ್ದಕ್ಕೆ ಕಂಡಕ್ಟರಿಗೆ ಬಯ್ದ ಹಾಗೆ.

ಪ್ರಕಟಣೆಗಳ ಭಾಷೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ‘ಪರಿಶೀಲಿಸುತ್ತಿದ್ದೇವೆ’ ಅಂದರೆ ಏನಾಗಿದೆ ಅಂತ ಇನ್ನೂ ಗೊತ್ತಿಲ್ಲ, ಹೋಗಿ ಮಲಗಿ. ‘ಕಾರಣ ಪತ್ತೆಯಾಗಿದೆ’ ಅಂದರೆ ಗಂಟೆಗಳ ಲೆಕ್ಕದಲ್ಲಿ ಆಸೆ ಇಡಬಹುದು. ‘ಗಮನಿಸುತ್ತಿದ್ದೇವೆ’ ಅಂದರೆ ಸರಿ ಮಾಡಿದ್ದಾರೆ, ಪುನಃ ಬೀಳುತ್ತದೋ ಅಂತ ಕಾಯುತ್ತಿದ್ದಾರೆ. ಈ ಹೊತ್ತಿನಲ್ಲಿ ರ್‍ಯಾಂಕ್ ಪಂದ್ಯ ಶುರು ಮಾಡಬೇಡಿ, ನಡುವೆ ಬಿದ್ದರೆ ಸೋಲು ನಿಮ್ಮ ಲೆಕ್ಕಕ್ಕೆ. ‘ಪರಿಹಾರವಾಗಿದೆ’ ಅಂದ ಮೇಲೂ ಒಂದು ಗಂಟೆ ಬಿಟ್ಟು ಹೋಗುವುದು ನನ್ನ ಅಭ್ಯಾಸ. ‘ಕೆಲವು ಆಟಗಾರರು’ ಅನ್ನುವ ಮಾತಿಗೆ ಮಾತ್ರ ಅರ್ಥ ಹುಡುಕಬೇಡಿ. ಆ ‘ಕೆಲವು’ ಎಷ್ಟು ಬೇಕಾದರೂ ಆಗಬಹುದು.

ಒಳ್ಳೆಯದು ಹೇಗಿರುತ್ತದೆ ಅಂತ ಗೊತ್ತಿದ್ದರೆ ಕೇಳುವಾಗ ಧೈರ್ಯ ಬರುತ್ತದೆ. 2021ರ ಅಕ್ಟೋಬರ್ ಕೊನೆಯಲ್ಲಿ ರೋಬ್ಲಾಕ್ಸ್ 73 ಗಂಟೆ ಬಿದ್ದಿತ್ತು, ಮೂರು ದಿನಕ್ಕೂ ಜಾಸ್ತಿ. ಆದರೆ 2022ರ ಜನವರಿಯಲ್ಲಿ ಅವರು ಉದ್ದದ ವರದಿ ಬರೆದು ಹಾಕಿದರು. ಒಳಗಿನ ಸಾವಿರಾರು ಯಂತ್ರಗಳು ಒಂದನ್ನೊಂದು ಹುಡುಕಲು ಬಳಸುವ ಕನ್ಸಲ್ ಅನ್ನುವ ವ್ಯವಸ್ಥೆಯಲ್ಲಿ ಯಾವ ಹೊಸ ಸೌಲಭ್ಯ ಹಾಕಿದ್ದು ತಪ್ಪಾಯಿತು, ಯಾವುದನ್ನು ತಪ್ಪಾಗಿ ಊಹಿಸಿ ಎಷ್ಟು ಹೊತ್ತು ಹಾಳು ಮಾಡಿಕೊಂಡರು, ಎಲ್ಲ ಇತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಫೈನಲ್ ಫ್ಯಾಂಟಸಿ 14ರ ಎಂಡ್‌ವಾಕರ್ ಅನ್ನುವ ಹೊಸ ಭಾಗ ಬಂದಾಗ ಜನ ಲಾಗಿನ್ ಆಗಲು ಗಂಟೆಗಟ್ಟಲೆ ಕ್ಯೂ ನಿಂತರು. ಅದರ ನಿರ್ದೇಶಕ ನವೊಕಿ ಯೊಶಿದಾ ಸ್ವತಃ ಬರೆಯುತ್ತಾ ಹೋದರು. ಚಿಪ್ ಕೊರತೆಯಿಂದ ಹೊಸ ಸರ್ವರ್ ಸಿಗುತ್ತಿಲ್ಲ ಅಂತ ಹೇಳಿದರು, ಮೊದಲು 7 ದಿನ, ಆಮೇಲೆ ಇನ್ನೂ 14 ದಿನ ಪುಕ್ಕಟೆ ಕೊಟ್ಟರು, ಸಾಲದ್ದಕ್ಕೆ ಗೇಮ್ ಮಾರುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ಅಂಗಡಿಗೆ ಗಿರಾಕಿ ಜಾಸ್ತಿ ಆದರು ಅಂತ ಬಾಗಿಲು ಹಾಕುವ ವ್ಯಾಪಾರಿಯನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಇನ್ನೊಂದು ಥರದ ಮೌನಕ್ಕೆ ಹೆದರಬೇಕು. 2011ರ ಏಪ್ರಿಲ್ 20ಕ್ಕೆ ಪ್ಲೇಸ್ಟೇಷನ್ ನೆಟ್‌ವರ್ಕ್ ನಿಂತಿತು. ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಕಳುವಾಗಿರಬಹುದು ಅಂತ ಸೋನಿ ಜನರಿಗೆ ಹೇಳಿದ್ದು 26ಕ್ಕೆ, ಆರು ದಿನ ಬಿಟ್ಟು. ವಾಪಸ್ ಬರಲು ಮೂರು ವಾರ ದಾಟಿತು. 2025ರ ಫೆಬ್ರವರಿಯಲ್ಲಿ ಅದೇ ನೆಟ್‌ವರ್ಕ್ ಹತ್ತಿರ ಹತ್ತಿರ ಒಂದು ದಿನ ಬಿದ್ದಾಗ ಚಂದಾ ಕೊಡುವ ಪ್ಲಸ್ ಸದಸ್ಯರಿಗೆ 5 ದಿನ ಜಾಸ್ತಿ ಕೊಟ್ಟರು, ಕಾರಣ ಮಾತ್ರ ‘ಕಾರ್ಯಾಚರಣೆಯ ತೊಂದರೆ’ ಅಂತ ಒಂದು ಮಾತಿನಲ್ಲಿ ಮುಗಿಸಿದರು. ಹಾಗಾಗಿ ದಿನ ಎರಡು ಕಳೆದರೂ ಕಾರಣ ಹೇಳದಿದ್ದರೆ, ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದೀರಾ ನೋಡಿ, ಇದ್ದರೆ ಅಲ್ಲೆಲ್ಲ ಬದಲಾಯಿಸಿ. ಕಾರ್ಡ್ ಸೇವ್ ಮಾಡಿದ್ದರೆ ತೆಗೆಯಿರಿ. ಏನೂ ಆಗಿರದಿದ್ದರೆ ನಷ್ಟ ಹತ್ತು ನಿಮಿಷ.

ಹೆಜ್ಜೆ 6: ಆರು ಸಾಲಿನ ದೂರು

ಗೇಮಿನ ಒಳಗಿನ ಸಪೋರ್ಟ್ ಟಿಕೆಟ್ಟೇ ಮೊದಲ ಬಾಗಿಲು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವವರು ಕನ್ನಡದಲ್ಲಿ ಬರೆದು ಫೋನಿನಲ್ಲೇ ಅನುವಾದ ಮಾಡಿ ಹಾಕಿ. ವಾಕ್ಯಗಳು ಚಿಕ್ಕದಾಗಿದ್ದರೆ ಅನುವಾದ ಕೆಡುವುದಿಲ್ಲ. ಚಿಕ್ಕಮ್ಮನ ಮಗ ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

"ನನ್ನ ಪ್ಲೇಯರ್ ಐಡಿ ಇದು, ಸರ್ವರ್ ಏಷ್ಯಾ. ಭಾರತದ ಸಮಯ ರಾತ್ರಿ 10:32ರಿಂದ ಸೀಸನ್ ಮುಗಿಯುವವರೆಗೂ ಲಾಗಿನ್ ಆಗಲಿಲ್ಲ, ಎರರ್ ಕೋಡ್ ಚಿತ್ರದಲ್ಲಿದೆ. ವೈಫೈ, ಮೊಬೈಲ್ ಡೇಟಾ ಎರಡರಲ್ಲೂ ನೋಡಿದ್ದೇನೆ. ಸೀಸನ್ ಪಾಸ್ ಹಣ ಕೊಟ್ಟು ತಗೊಂಡಿದ್ದೇನೆ, ಆರ್ಡರ್ ನಂಬರ್ ಇದು. ಕೊನೆಯ ದಿನ ಆಡಲಾಗದೆ 3 ಹಂತ ತಪ್ಪಿದೆ. ಆ 3 ಹಂತ ಕೊಡಿ, ಆಗದಿದ್ದರೆ ಪಾಸಿನ ಹಣ ವಾಪಸ್ ಮಾಡಿ."

ನೋಡಿ, ಇದರಲ್ಲಿ ಒಂದೂ ಬೈಗುಳ ಇಲ್ಲ, ‘ನಾನು ಮೂರು ವರ್ಷದಿಂದ ನಿಷ್ಠೆಯಿಂದ ಆಡುತ್ತಿದ್ದೇನೆ’ ಅನ್ನುವ ಪುರಾಣವೂ ಇಲ್ಲ. ಓದುವವನಿಗೆ ಏನು ಮಾಡಬೇಕು ಅಂತ ಕೊನೆಯ ಸಾಲಿನಲ್ಲಿದೆ. ನನ್ನದು ಎರಡು ಪುಟ ಇತ್ತು. ಅದರಲ್ಲಿ ಏನು ಬೇಕು ಅಂತ ಎಲ್ಲೂ ಬರೆದಿರಲಿಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯಿತು.

ಮೊದಲು ಯಂತ್ರದ ಉತ್ತರ ಬರುತ್ತದೆ, ‘ಕ್ಯಾಶೆ ಕ್ಲಿಯರ್ ಮಾಡಿ’ ಅಂತ. ಸಿಟ್ಟಾಗದೆ ಅದೇ ಟಿಕೆಟ್ಟಿಗೆ ‘ಮಾಡಿದ್ದೇನೆ, ಸರಿಯಾಗಿಲ್ಲ, ದಯವಿಟ್ಟು ಒಬ್ಬ ಮನುಷ್ಯ ನೋಡಲಿ’ ಅಂತ ಉತ್ತರಿಸಿ. ಐದು ಹೊಸ ಟಿಕೆಟ್ ತೆರೆಯಬೇಡಿ. ಒಂದು ವಾರ ಕಳೆದರೂ ಉತ್ತರ ಇಲ್ಲದಿದ್ದರೆ ಪ್ಲೇ ಸ್ಟೋರಿನಲ್ಲಿ ರಿವ್ಯೂ ಬರೆಯಿರಿ, ಅದರಲ್ಲೂ ದಿನಾಂಕ, ಎಷ್ಟು ಗಂಟೆ, ಟಿಕೆಟ್ ಯಾವಾಗ ಹಾಕಿದ್ದು, ಇಷ್ಟೇ. ಸರಿಮಾಡಿ ಕೊಟ್ಟರೆ ರಿವ್ಯೂ ತಿದ್ದುವುದೂ ನಮ್ಮ ಮರ್ಯಾದೆ.

ಹೆಜ್ಜೆ 7: ದುಡ್ಡಿನ ವಿಷಯ

ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ಗೂಗಲ್ ಪ್ಲೇಯಲ್ಲಿ ಕೊಂಡು 48 ಗಂಟೆಯ ಒಳಗಾದರೆ ಗೂಗಲಿನ ಹತ್ತಿರವೇ ರಿಫಂಡ್ ಕೇಳಬಹುದು, ಅದು ದಾಟಿದರೆ ಡೆವಲಪರ್ ಹತ್ತಿರ ಹೋಗಿ ಅನ್ನುತ್ತಾರೆ. ಸ್ಟೀಮಿನಲ್ಲಿ ಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆಗಿಂತ ಕಮ್ಮಿ ಇರಬೇಕು. ಲೋಡಿಂಗ್ ಪರದೆ ನೋಡುತ್ತಾ ಕೂತದ್ದೂ ಆಡಿದ ಲೆಕ್ಕಕ್ಕೆ ಬೀಳಬಹುದು, ಹಾಗಾಗಿ ಸರ್ವರ್ ಬಿದ್ದಾಗ ಗೇಮ್ ತೆರೆದಿಟ್ಟು ಚಾ ಕುಡಿಯಲು ಹೋಗಬೇಡಿ. ಆ್ಯಪಲ್ ಫೋನಿನವರಿಗೆ ‘ರಿಪೋರ್ಟ್ ಎ ಪ್ರಾಬ್ಲಂ’ ಅನ್ನುವ ಪುಟ ಇದೆ. ಬ್ಯಾಂಕಿಗೆ ಹೇಳಿ ಕಾರ್ಡಿನ ಹಣ ವಾಪಸ್ ಎಳೆಸುವುದು ಕೊನೆಯ ದಾರಿ, ಅದಾದ ಮೇಲೆ ಗೇಮ್ ಖಾತೆಯನ್ನೇ ಬಂದ್ ಮಾಡುವವರು ತುಂಬಾ ಇದ್ದಾರೆ.

ಇವೆಲ್ಲ ಆಗಿಯೂ ಕೈಗೆ ಏನೂ ಬರದಿದ್ದರೆ ನಮ್ಮ ದೇಶದ ಕಾನೂನು ಇದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನಿನಲ್ಲಿ ಮಾರುವವರು ದೂರು ಅಧಿಕಾರಿಯನ್ನು ಇಡಬೇಕು, ದೂರು ಸಿಕ್ಕಿದೆ ಅಂತ 48 ಗಂಟೆಯಲ್ಲಿ ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಈ ಸಾಲನ್ನು ಟಿಕೆಟ್ಟಿನಲ್ಲಿ ಹಾಕಿದರೆ ಉತ್ತರದ ಧಾಟಿಯೇ ಬದಲಾಗುವುದನ್ನು ನಾನು ಒಮ್ಮೆ ನೋಡಿದ್ದೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂಬರ್ 1915. ಹದಿನೇಳು ಭಾಷೆಗಳಲ್ಲಿ ಕನ್ನಡವೂ ಇದೆ. ಕೇರಳದ ಸಿಮ್‌ನಿಂದ ಫೋನ್ ಮಾಡುವಾಗ ಆ ಕಡೆಯವರು ಮಲಯಾಳದಲ್ಲಿ ಶುರು ಮಾಡಿದರೂ ಸಂಕೋಚ ಬೇಡ, ಕನ್ನಡ ಬೇಕು ಅಂತ ಹೇಳಿ.

ಗ್ರಾಹಕ ಆಯೋಗಕ್ಕೂ ಹೋಗಬಹುದು. 2019ರ ಕಾಯ್ದೆ ಬಂದ ಮೇಲೆ ಕಂಪೆನಿ ಎಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಹಾಕಬಹುದು. 5 ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಆನ್‌ಲೈನಿನಲ್ಲೂ ಆಗುತ್ತದೆ, ಫಾರ್ಮ್ ತುಂಬಲು ಕಷ್ಟ ಆದರೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಕೇಳಿ ನೋಡಿ. ಆದರೆ ನನ್ನ ಮಾತು ಕೇಳಿದರೆ, ನಾನೂರು ರೂಪಾಯಿಯ ಪಾಸಿಗಾಗಿ ಆಯೋಗದ ಮೆಟ್ಟಿಲು ಹತ್ತಬೇಡಿ, ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆದೀತು. 1915 ಸಾಕು. ದೊಡ್ಡ ಮೊತ್ತ ಸಿಕ್ಕಿಬಿದ್ದಿದ್ದರೆ ಮಾತ್ರ ಯೋಚಿಸಿ. ಗೇಮ್ ಕೊಳ್ಳುವಾಗ ಓದದೆ ಒಪ್ಪಿದ ಕರಾರಿನಲ್ಲಿ ‘ಸೇವೆ ನಿಲ್ಲಬಹುದು, ನಾವು ಹೊಣೆಯಲ್ಲ’ ಅಂತ ಹೆಚ್ಚಾಗಿ ಇದ್ದೇ ಇರುತ್ತದೆ, ಅವರು ಮೊದಲು ತೋರಿಸುವುದು ಅದನ್ನೇ. ಹಣ ಪಣ ಇಟ್ಟು ಆಡುವ ಆಟಗಳ ಕಥೆ ಬೇರೆ, 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳ ಬಗ್ಗೆ ಕಾಯ್ದೆ ಮಾಡಿದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಹೆಜ್ಜೆ 8: ಬಿದ್ದದ್ದೋ, ಸಾಯುತ್ತಿರುವುದೋ?

ಕೆಲವು ಗೇಮ್‌ಗಳು ಬೀಳುವುದಲ್ಲ, ಮುಚ್ಚುವ ದಾರಿಯಲ್ಲಿರುತ್ತವೆ. ತಿಂಗಳುಗಟ್ಟಲೆ ಅಪ್‌ಡೇಟ್ ಇಲ್ಲ, ಹಬ್ಬದ ಇವೆಂಟ್ ಹಳೆಯದನ್ನೇ ಪುನಃ ಹಾಕಿದ್ದಾರೆ, ಅಂಗಡಿಯಲ್ಲಿ ಮಾತ್ರ ದಿನಾ ಹೊಸ ಆಫರ್, ಬಿದ್ದಾಗ ಎತ್ತಲು ಹೊತ್ತು ಜಾಸ್ತಿ ಆಗುತ್ತಾ ಹೋಗುತ್ತದೆ. ಇಷ್ಟು ಕಂಡರೆ ಮತ್ತೆ ದುಡ್ಡು ಹಾಕಬೇಡಿ. ಯುಬಿಸಾಫ್ಟಿನ ದ ಕ್ರ್ಯೂ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ಬಂದ್ ಆಯಿತು, ಪೂರ್ತಿ ದುಡ್ಡು ಕೊಟ್ಟು ಕೊಂಡವರಿಗೂ ಒಬ್ಬರೇ ಆಡಲೂ ಆಗದ ಹಾಗೆ. ಅದರ ಸಿಟ್ಟಿನಿಂದಲೇ ಯುರೋಪಿನಲ್ಲಿ ‘ಗೇಮ್ ಕೊಲ್ಲಬೇಡಿ’ ಅಂತ ಸಹಿ ಸಂಗ್ರಹ ನಡೆದು 2025ರಲ್ಲಿ ಹತ್ತು ಲಕ್ಷ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಬರೀ ಲೈಸೆನ್ಸ್ ಆದರೆ ಅದನ್ನು ಹೇಳದೆ ‘ಖರೀದಿ’ ಅಂತ ಬಟನ್ ಹಾಕುವ ಹಾಗಿಲ್ಲ. ನಮ್ಮಲ್ಲಿ ಇನ್ನೂ ಖರೀದಿ ಅಂತಲೇ ಇದೆ.

ಕಾಯುವ ಹೊತ್ತಿಗೆ ಒಂದು ಚಿಕ್ಕ ಕೆಲಸ ಹೇಳಿ ಮುಗಿಸುತ್ತೇನೆ. ಒಂದು ಕಾರ್ಡ್ ತಗೊಂಡು ನಿಮ್ಮ ಪ್ಲೇಯರ್ ಐಡಿ, ಗೇಮಿಗೆ ಜೋಡಿಸಿದ ಜಿಮೇಲ್ (ಪಾಸ್‌ವರ್ಡ್ ಬೇಡ), ಆ ಸಮಯ ಕೂಡಿಸಿ ಕಳೆಯುವ ಲೆಕ್ಕ, ಕೇಬಲಿನವರ ನಂಬರ್, 1915 ಇಷ್ಟನ್ನು ಬರೆದು ಡಬ್ಬಿಯ ಪಕ್ಕ ಅಂಟಿಸಿ. ನಮ್ಮ ಮನೆಯಲ್ಲಿ ಅದು ಕ್ಯಾಲೆಂಡರಿನ ಬದಿಯಲ್ಲಿದೆ. ಕೆಳಗೆ ಜಾಗ ಉಳಿದಿತ್ತು ಅಂತ ಅಮ್ಮ ಗ್ಯಾಸ್ ಬುಕಿಂಗ್ ನಂಬರನ್ನೂ ಬರೆದಿದ್ದಾಳೆ, ಮೇಲೆ ‘ಆಟದ ಚೀಟಿ’ ಅಂತ ತಲೆಬರಹವನ್ನೂ ಕೊಟ್ಟಿದ್ದಾಳೆ. ಮೊನ್ನೆ ಮನೆಗೆ ಬಂದ ಮಾವ ಅದನ್ನು ನೋಡಿ, ಯಾವ ಮೇಳ, ಎಲ್ಲಿ, ಎಷ್ಟು ಗಂಟೆಗೆ ಅಂತ ಕೇಳಿದರು.